ಯಜಮಾನರು ಬರೆದ ಕಥೆ

ಪಿಂಗಾಣಿ ಕಾರ್ಖಾನೆಯ ಗೆರೆ ಕೋಣೆಯಲ್ಲಿ ಹದಿನಾರು ಜನ ಬಟ್ಟಲಿಗೆ ಗೆರೆ ಎಳೆಯುತ್ತಿದ್ದರು, ಒಬ್ಬಳು ಓದುತ್ತಿದ್ದಳು. ಓದುವವಳನ್ನು ಎಲ್ಲರೂ ಓದಕ್ಕ ಅನ್ನುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅವಳೂ ಬೇಡ ಅನ್ನುತ್ತಿರಲಿಲ್ಲ.

ಓದುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ ಆ ಕೋಣೆಯ ಸಂಗತಿ ಗೊತ್ತಿಲ್ಲ. ಪುಟ್ಟ ಚಕ್ರದ ಮೇಲೆ ಬಿಳಿ ಬಟ್ಟಲು ಕೂರಿಸಿ, ಎಡಗೈಯಲ್ಲಿ ಚಕ್ರ ತಿರುಗಿಸುತ್ತ, ಬಲಗೈಯಲ್ಲಿ ಬ್ರಷ್ ಹಿಡಿದು ಅಲುಗದೆ ಕೂರಬೇಕು. ಬಟ್ಟಲು ಒಂದು ಸುತ್ತು ಬರುವಷ್ಟರಲ್ಲಿ ಅಂಚಿನ ಕೆಳಗೆ ನೀಲಿ ಗೆರೆಯೊಂದು ಹೊರಟಲ್ಲಿಗೇ ಬಂದು ಕೂಡಿಕೊಳ್ಳಬೇಕು. ಹೊಳಪು ಹಾಕುವ ಮುಂಚಿನ ಬಟ್ಟಲು ಬಣ್ಣವನ್ನು ಕುಡಿದೇ ಬಿಡುತ್ತದೆ, ಹಾಗಾಗಿ ಗೆರೆ ಅಲುಗಿದರೆ ಅಲುಗಿತು, ಒರೆಸುವ ಮಾತೇ ಇಲ್ಲ. ದಿನವಿಡೀ ಕೈಗೆ ಕೆಲಸ, ಕಿವಿಗೆ ರಜೆ. ಕಿವಿಗೆ ರಜೆ ಸಿಕ್ಕರೆ ಬಾಯಿಗೆ ಚಪಲ ಶುರುವಾಗುತ್ತದೆ, ಬಾಯಿ ಬಿಟ್ಟರೆ ಗೆರೆ ಸೊಟ್ಟಗಾಗುತ್ತದೆ. ಅದಕ್ಕೇ ಈಗಿನ ಯಜಮಾನರ ತಂದೆ ಕೋಣೆಯ ನಡುವೆ ಎತ್ತರದ ಸ್ಟೂಲೊಂದನ್ನು ಹಾಕಿಸಿ, ಕಥೆ ಕಾದಂಬರಿ ಓದಲಿಕ್ಕೆಂದೇ ಒಬ್ಬರನ್ನು ಕೂರಿಸಿದ್ದರು. ಮೊದಲು ಓದಕ್ಕನ ಸೋದರತ್ತೆ ಓದುತ್ತಿದ್ದಳು, ಅವಳ ಗಂಟಲು ಹೋದ ಮೇಲೆ ಇವಳು ಬಂದಳು.

ಯಾರೂ ಮಾಡದ ನಿಯಮವೊಂದು ವರ್ಷಗಟ್ಟಲೆ ಕೂತು ಕೂತು ತಾನೇ ಆಗಿತ್ತು. ಓದಕ್ಕ ವಾಕ್ಯ ಶುರು ಮಾಡಿದಾಗ ಬ್ರಷ್ಷುಗಳು ಬಟ್ಟಲಿಗೆ ಇಳಿಯುತ್ತಿದ್ದವು, ವಾಕ್ಯ ಮುಗಿದಾಗ ಏಳುತ್ತಿದ್ದವು. ನಗೆಯ ಮಾತು ಬರುವ ಮುಂಚೆ ಅವಳು ಚೂರು ತಡೆಯುತ್ತಿದ್ದಳು. ಹದಿನಾರೂ ಕೈಗಳು ಮೇಲೇಳುತ್ತಿದ್ದವು, ಮಾತು ಬೀಳುತ್ತಿತ್ತು, ಎಲ್ಲರೂ ಹೊಟ್ಟೆ ತುಂಬ ನಕ್ಕು ಮತ್ತೆ ಬಟ್ಟಲಿಗೆ ಬಾಗುತ್ತಿದ್ದರು. ಈ ಹತೋಟಿಯ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಪಾಪ, ಬೇರೆ ಜಂಬಪಡುವಂಥದ್ದು ಅವಳ ಬಳಿ ಏನೂ ಇರಲಿಲ್ಲ.

ಆ ಕೋಣೆಯಲ್ಲಿ ನಗು ನಿಂತು ಎರಡು ತಿಂಗಳಾಗಿತ್ತು. ಬಟ್ಟಲು ಸುಡುವ ಭಟ್ಟಿ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಭಟ್ಟಿಯಣ್ಣ ಅನ್ನುತ್ತಿದ್ದರು. ಬೆಂಕಿ ಆರಿಸಿದ ಮೇಲೆ ಎರಡು ದಿನ ತಣಿಯಬೇಕಾದ ಭಟ್ಟಿಯೊಳಗೆ ಅವನು ಒಂದೇ ದಿನಕ್ಕೆ ಕಾಲಿಟ್ಟ. ಬಟ್ಟಲು ಪೇರಿಸಿದ್ದ ಕಾದ ಹಲಗೆಗಳ ಸಾಲು ಕುಸಿದು ಅವನ ಮೇಲೆ ಬಿತ್ತು. ಗೆರೆ ಕೋಣೆಯವರೇ ಓಡಿ ಹೋಗಿ ಎತ್ತಿ ತಂದರು, ಆದರೆ ಆಸ್ಪತ್ರೆಯ ಬಾಗಿಲು ಕಾಣುವಷ್ಟು ಆಯಸ್ಸೂ ಅವನಿಗಿರಲಿಲ್ಲ. ಆ ದಿನ ಯಜಮಾನರು ಊರಲ್ಲಿರಲಿಲ್ಲವಂತೆ, ಸಂಜೆ ಮುಂದಿನ ಗೇಟಿನಿಂದ ಕಾರಿನಲ್ಲಿ ಬಂದಿಳಿದರು. ಕುಡಿದ ಅಮಲಿನಲ್ಲಿ ಅವನಾಗಿಯೇ ಒಳಗೆ ಹೋದ ಎಂದು ಕಾರ್ಖಾನೆಯ ಕಡತದಲ್ಲಿ ಬರೆದರು. ಭಟ್ಟಿಯಣ್ಣ ಹನಿ ಮುಟ್ಟದವನು ಎಂದು ಎಲ್ಲರಿಗೂ ಗೊತ್ತಿತ್ತು. ಅವನ ಹೆಂಡತಿ ಅದನ್ನು ಜೋರಾಗಿ ಹೇಳಿದಳು. ಮಾರನೆಯ ದಿನ ಅವಳ ಮನೆಗೆ ಇಬ್ಬರು ಗಂಡಸರು ಬಂದು ಅರ್ಧ ಗಂಟೆ ಕೂತು ಹೋದರು. ಆ ವಾರವೇ ಅವಳು ಮನೆ ಖಾಲಿ ಮಾಡಿದಳು, ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ.

ಅದಾದ ಮೇಲೆ ಸರ್ಕಾರದ ಕಾರ್ಮಿಕರ ಕಚೇರಿಗೆ ಹೆಸರಿಲ್ಲದ ಕಾಗದವೊಂದು ಹೋಯಿತು. ಅವನು ಕುಡಿದಿರಲಿಲ್ಲ, ಹೋಗು ಎಂದು ಕಳಿಸಿದ್ದರಿಂದ ಹೋದ ಎಂದು ಅದರಲ್ಲಿತ್ತು. ಕಚೇರಿಯವರು ಅದರ ನಕಲನ್ನು ಯಜಮಾನರಿಗೇ ಕಳಿಸಿ ಉತ್ತರ ಕೇಳಿದರು. ಎಂಥ ಬುದ್ಧಿವಂತರು ನೋಡಿ. ಅಂದಿನಿಂದ ಯಜಮಾನರು ಕಾಗದ ಬರೆದವರನ್ನು ಹುಡುಕುತ್ತಿದ್ದರು.

ಬರೆದವಳು ಓದಕ್ಕನ ತಂಗಿ, ಒಂಬತ್ತನೆಯ ಚಕ್ರದಲ್ಲಿ ಕೂರುವವಳು. ಇದು ಓದಕ್ಕನಿಗೆ ಮಾತ್ರ ಗೊತ್ತಿತ್ತು. ತಾಯಿ ಸತ್ತಾಗ ಎಂಟು ವರ್ಷದವಳಾಗಿದ್ದ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಇವಳೇ. ಈಗ ಎರಡು ತಿಂಗಳಿಂದ, ಕಾಗದ ಬರೆದ ಆ ಕೈಯಲ್ಲಿ ತಂಗಿ ಅನ್ನ ಕಲೆಸುವುದನ್ನು ನೋಡಿದರೂ ಇವಳ ಜೀವ ಬಾಯಿಗೆ ಬರುತ್ತಿತ್ತು.

ಯಜಮಾನರು ಓದಕ್ಕನನ್ನು ಕರೆಸಿದ್ದು ಒಂದು ಮಂಗಳವಾರ, ಮಧ್ಯಾಹ್ನ.

ಅವರ ಕೋಣೆಗೆ ಹೋಗುವ ಓಣಿಯಲ್ಲಿ ಅವರೇ ಯೋಚಿಸಿ ಬರೆಸಿದ ಮಾತುಗಳ ಬಿಲ್ಲೆಗಳನ್ನು ಗೋಡೆಗೆ ಅಂಟಿಸಿದ್ದರು. ‘ನಾನು ನಿಮ್ಮಲ್ಲಿ ಒಬ್ಬ’ ಎಂಬುದೊಂದು. ಹಾಗಾದರೆ ಒಂದು ದಿನ ಬಂದು ಚಕ್ರ ತಿರುಗಿಸಲಿ ಎಂದು ಗೆರೆ ಕೋಣೆಯವರು ಹಿಂದೆ ಆಡಿಕೊಳ್ಳುತ್ತಿದ್ದರು. ಈಗ ಯಾರೂ ಅದನ್ನು ಓದುತ್ತಲೂ ಇರಲಿಲ್ಲ.

“ಕೂತ್ಕೊಳ್ಳಿ,” ಅಂದರು ಯಜಮಾನರು. ಅವರು ಎಂದೂ ದನಿ ಎತ್ತಿದವರಲ್ಲ. ಅವರ ಹಿಂದಿನ ಕಪಾಟಿನ ತುಂಬ ಪುಸ್ತಕಗಳಿದ್ದವು, ಅವೆಲ್ಲ ಓದಿದ ಪುಸ್ತಕಗಳೇ. ಅದನ್ನು ಓದಕ್ಕ ಬಲ್ಲಳು, ಏಕೆಂದರೆ ಗೆರೆ ಕೋಣೆಗೆ ಪುಸ್ತಕ ಆರಿಸಿ ಕೊಡುತ್ತಿದ್ದವರು ಅವರೇ. “ನಿಮ್ಮ ಕೆಲಸ ನಂಗೆ ಬಹಳ ಇಷ್ಟ. ಯಾಕೆ ಗೊತ್ತಾ? ಮನುಷ್ಯ ಮಾತಾಡುವಾಗ ಹುಷಾರಾಗಿರ್ತಾನೆ. ಕಥೆ ಕೇಳುವಾಗ ಹುಷಾರಾಗಿರಲ್ಲ. ಅವನು ಎಂಥವನು ಅನ್ನೋದು ಆಗ ಹೊರಗೆ ಬರುತ್ತೆ. ಜನರನ್ನ ನಡೆಸೋನಿಗೆ ಇದು ಗೊತ್ತಿರಬೇಕು.”

“ಹೌದು ಸರ್,” ಅಂದಳು ಓದಕ್ಕ.

“ನಾಳೆ ಹತ್ತು ಗಂಟೆಗೆ ನಿಮಗೊಂದು ಕಥೆ ಕೊಡ್ತೀನಿ. ನಾನೇ ಬರೆದಿದ್ದು. ಅದರಲ್ಲಿ ಒಂದು ಸಾವಿದೆ, ಒಂದು ಕಾಗದ ಇದೆ. ನೀವು ಯಾವಾಗಲೂ ಓದೋ ಹಾಗೇ ಓದಿ. ಆ ಹೊತ್ತಲ್ಲಿ ಎಳೆದ ಬಟ್ಟಲುಗಳನ್ನೆಲ್ಲ ನನ್ನ ಮೇಜಿಗೆ ತರಿಸ್ತೀನಿ. ಪ್ರತಿ ಬಟ್ಟಲಿನ ಅಡಿಯಲ್ಲೂ ಎಳೆದವರ ಸಂಖ್ಯೆ ಇರುತ್ತಲ್ಲ.” ಅವರು ನಕ್ಕರು. “ಬಾಯಿ ಸುಳ್ಳು ಹೇಳಬಹುದು ಅಮ್ಮ. ಗೆರೆ ಹೇಳಲ್ಲ.”

ಅವಳ ಅಂಗೈ ಬೆವರಿತು. ಸೆರಗಿಗೆ ಒರೆಸಿಕೊಂಡರೆ ಕಂಡುಬಿಡುತ್ತದೆಂದು ಹಾಗೇ ಬಿಟ್ಟಳು.

“ಯಾರಿಗೂ ಹೇಳ್ಬೇಡಿ,” ಅಂದರು ಯಜಮಾನರು. ಇವಳು ಎದ್ದು ಬಾಗಿಲ ತನಕ ಹೋದಾಗ ಮತ್ತೆ ಕರೆದು, “ನಿಮ್ಮ ತಂಗಿ ಚೆನ್ನಾಗಿದ್ದಾಳಾ? ಯಾಕೋ ಸಣ್ಣಗಾಗಿದ್ದಾಳೆ,” ಅಂದರು.

ಯಾರಿಗೂ ಹೇಳಬೇಡಿ ಎಂದರೆ ತಂಗಿಗೂ ಹೇಳಬೇಡಿ ಎಂದರ್ಥವೇ ಎಂದು ಓದಕ್ಕ ದಾರಿಯುದ್ದಕ್ಕೂ ಯೋಚಿಸಿದಳು. ಮನೆಯ ಬಾಗಿಲು ಹಾಕಿ ಚಿಲಕ ಜಡಿದ ಕೂಡಲೇ ಎಲ್ಲ ಹೇಳಿಬಿಟ್ಟಳು. ಇನ್ನೂ ಬಿಸಿಲಿತ್ತು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

“ನಾಳೆ ನಾನು ಬರಲ್ಲ ಬಿಡು,” ಅಂದಳು ತಂಗಿ.

“ಬರದಿದ್ರೆ ನಾನೇ ಬರೆದೆ ಅಂತ ಬೋರ್ಡ್ ತಗಲಿಸಿಕೊಂಡ ಹಾಗೆ. ಬುದ್ಧಿ ಇದ್ಯಾ ನಿಂಗೆ?”

“ಬಂದ್ರೆ ಕೈ ನಡುಗುತ್ತೆ.”

ನಡುಗುತ್ತದೋ ಇಲ್ಲವೋ ನೋಡೋಣವೆಂದು ಇಬ್ಬರೂ ನೆಲದ ಮೇಲೆ ಕೂತರು. ತಂಗಿ ಸ್ಟೀಲ್ ತಟ್ಟೆಯನ್ನು ಮಗುಚಿ ಹಾಕಿ, ಹಳೆಯ ಬ್ರಷ್ಷನ್ನು ನೀರಲ್ಲಿ ಅದ್ದಿ ಹಿಡಿದಳು. ಓದಕ್ಕ ಮೂರು ದಿನದ ಹಿಂದಿನ ಪೇಪರ್ ತೆಗೆದು ಕಣ್ಣಿಗೆ ಬಿದ್ದಲ್ಲಿಂದ ಓದಿದಳು. ರಸ್ತೆ ರಿಪೇರಿ ಸುದ್ದಿಗೆ ಗೆರೆ ನೆಟ್ಟಗೆ ಬಂತು. ನಡುವೆ ಮೆಲ್ಲಗೆ ‘ಭಟ್ಟಿ’ ಎಂದು ಸೇರಿಸಿದಳು, ನೀರಿನ ಗೆರೆ ಚೂರು ಸೊಂಟ ತಿರುಗಿಸಿತು. ‘ಕಾಗದ’ ಎಂದಾಗ ಬ್ರಷ್ ಜಾರಿ ತಟ್ಟೆಯ ಆಚೆ ಹೋಯಿತು.

“ನೀನು ಹೀಗೆ ದಿಢೀರ್ ಅಂದ್ರೆ ಯಾರ ಕೈ ಆದ್ರೂ ನಡುಗುತ್ತಪ್ಪ,” ಎಂದು ತಂಗಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. “ಅಕ್ಕ, ನಾನು ನೋಡಿದೀನಿ ಕಣೆ. ಬಟ್ಟಲು ಹಲಗೆ ಇಡೋಕೆ ಭಟ್ಟಿ ಅಂಗಳಕ್ಕೆ ಹೋಗಿದ್ದೆ. ಗೋಣಿಚೀಲ ತೊಟ್ಟಿಯಲ್ಲಿ ಅದ್ದಿ, ಮೂರು ಮಡಿಕೆ ಮಾಡಿ, ಯಜಮಾನರೇ ತಮ್ಮ ಕೈಯಲ್ಲಿ ಭಟ್ಟಿಯಣ್ಣನ ಬೆನ್ನಿಗೆ ಹಾಸಿದ್ರು. ಹೋಗು, ನಾನಿಲ್ಲೇ ನಿಂತಿರ್ತೀನಿ ಅಂದ್ರು. ಊರಲ್ಲೇ ಇಲ್ಲ ಅಂದವರು ಅಲ್ಲೇ ನಿಂತಿದ್ರು. ನಾನು ಅದನ್ನ ಬರೀಬೇಕಿತ್ತು. ನೀನು ಬೇಡ ಅಂದೆ.”

ಹೌದು, ಬೇಡ ಎಂದಿದ್ದು ಇವಳೇ. ಚೀಲದ ಮಾತು ಬರೆದರೆ ಅಂಗಳದಲ್ಲಿದ್ದವರು ಬರೆದದ್ದೆಂದು ಗೊತ್ತಾಗುತ್ತದೆ, ಹೆಸರೂ ಬೇಡ, ನೋಡಿದೆ ಎಂಬ ಮಾತೂ ಬೇಡ ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದ್ದಳು. ಹಾಗಾಗಿ ಆ ಕಾಗದ ಹಲ್ಲಿಲ್ಲದ ಬಾಯಿಯಂತೆ ಹೋಗಿ ಕಚೇರಿಯಲ್ಲಿ ಕೂತಿತ್ತು. ಭಟ್ಟಿಯಣ್ಣನನ್ನು ಎತ್ತಿ ತಂದ ಗೆರೆ ಕೋಣೆಯವರೆಲ್ಲ ಅವನ ಬೆನ್ನಿಗಂಟಿದ ಚೀಲ ಕಂಡಿದ್ದರು. ಅವನೇ ಹೊದ್ದುಕೊಂಡಿರಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗಿದ್ದರು. ಹೊರಗಿನವರ ಹತ್ತಿರ ಯಾರೂ ಚೀಲದ ಸುದ್ದಿ ಎತ್ತಿರಲಿಲ್ಲ.

“ಆಗಿದ್ದು ಆಗಿಹೋಯ್ತು,” ಅಂದಳು ಓದಕ್ಕ. “ನಾಳೆ ನನ್ನ ದನಿ ಮೇಲೆ ಕಿವಿ ಇಟ್ಟಿರು. ಹೆದರೋ ಮಾತು ಬರೋ ಮುಂಚೆ ನಾನು ನಿಲ್ಲಿಸ್ತೀನಿ. ನಿಲ್ಲಿಸಿದ ತಕ್ಷಣ ಬ್ರಷ್ ಎತ್ತು. ಮಾತು ಬೀಳೋವಾಗ ಕೈ ಗಾಳಿಯಲ್ಲಿರಬೇಕು. ಗಾಳಿಯಲ್ಲಿ ಎಷ್ಟು ಬೇಕಾದ್ರೂ ನಡುಗಿಸಿಕೋ.”

ಮರುದಿನ ಹತ್ತು ಗಂಟೆಗೆ ಯಜಮಾನರೇ ಬಂದು ಏಳು ಹಾಳೆ ಅವಳ ಕೈಗಿಟ್ಟರು. ಅವರದೇ ಅಕ್ಷರ, ಮುತ್ತು ಪೋಣಿಸಿದ ಹಾಗಿತ್ತು. ಮುಂಚೆ ಒಮ್ಮೆ ಕಣ್ಣಾಡಿಸಲು ಬಿಡುತ್ತಾರೇನೋ ಎಂದು ಅವಳು ಆಸೆಪಟ್ಟಿದ್ದಳು. ಬಿಡಲಿಲ್ಲ. “ಶುರು ಮಾಡಿ,” ಎಂದು ಹೇಳಿ ಗೆರೆ ಕೋಣೆಯ ಮೂಲೆಯಲ್ಲಿದ್ದ ಗಾಜಿನ ಕೋಣೆಗೆ ಹೋಗಿ, ಬಾಗಿಲು ತೆರೆದಿಟ್ಟು ಕೂತರು. ಓದಕ್ಕ ಸ್ಟೂಲ್ ಹತ್ತಿದಳು. ಒಂಬತ್ತನೆಯ ಚಕ್ರದ ಕಡೆ ನೋಡಬಾರದೆಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಅಲ್ಲಿಗೇ ಕಣ್ಣು ಹೋಯಿತು. ತಂಗಿ ತಲೆ ಬಗ್ಗಿಸಿದ್ದಳು, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

‘ಹಡಗಿನ ಹೊಟ್ಟೆಯಲ್ಲಿ ಬೆಂಕಿ ನಿದ್ದೆ ಮಾಡುವುದಿಲ್ಲ’ ಎಂದು ಕಥೆ ಶುರುವಾಯಿತು. ಒಬ್ಬ ಕಪ್ತಾನ, ಅವನನ್ನು ನಂಬಿದ ನಾವಿಕರು, ಬಿರುಗಾಳಿಗೆ ಮುಂಚೆ ಬಂದರು ಸೇರಬೇಕೆಂಬ ಅವಸರ. ಓದಕ್ಕನಿಗೆ ಮೊದಲು ಹುಟ್ಟಿದ್ದು ಬೇರೆಯೇ ಭಯ: ಕಥೆ ಚೆನ್ನಾಗಿತ್ತು. ಕೆಟ್ಟ ಕಥೆಯಾಗಿದ್ದರೆ ಯಾರ ಮನಸ್ಸಿಗೂ ತಾಗದೆ ಹಾದುಹೋಗುತ್ತಿತ್ತು. ಇದು ಹಾಗಲ್ಲ. ಎರಡನೆಯ ಹಾಳೆಗೇ ಚಕ್ರಗಳ ಸದ್ದು ಇಳಿದಿತ್ತು, ಎಲ್ಲರೂ ಒಳಗೆ ಹೋಗಿಬಿಟ್ಟಿದ್ದರು.

ಅವಳು ಕಣ್ಣನ್ನು ಬಾಯಿಗಿಂತ ಒಂದು ಸಾಲು ಮುಂದೆ ಓಡಿಸುತ್ತ ಓದಿದಳು. ‘ಕಾಗದ’ ದೂರದಲ್ಲಿ ಕಂಡ ಕೂಡಲೇ ನಿಲ್ಲಿಸಿದಳು, ಬ್ರಷ್ಷುಗಳು ಎದ್ದವು, ಮಾತು ಬಿತ್ತು. ‘ಯಾರೋ ಒಬ್ಬ ಹೇಡಿ’ ಎಂದಿತ್ತು, ನಿಲ್ಲಿಸಿದಳು. ‘ಹೆಸರಿಲ್ಲದ’ ಎಂದಿತ್ತು, ನಿಲ್ಲಿಸಿದಳು. ಹದಿನಾರು ಕೈಗಳು ಅವಳ ಉಸಿರಿಗೆ ಕಟ್ಟಿದ ಹಾಗೆ ಎದ್ದು ಇಳಿದವು. ಗಾಜಿನ ಕೋಣೆಯಲ್ಲಿ ಯಜಮಾನರು ಯಾರ ಕೈಯನ್ನೂ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ತುಟಿಯಲ್ಲೇ ತಮ್ಮ ಮಾತುಗಳನ್ನು ಹೇಳಿಕೊಳ್ಳುತ್ತಿದ್ದರು. ಬರೆದವರಿಗೆ ತಮ್ಮ ಬರಹ ಬೇರೆಯವರ ಬಾಯಲ್ಲಿ ಕೇಳುವ ಸುಖ ಅಷ್ಟಿಷ್ಟಲ್ಲ. ಗೆದ್ದೆ, ಇನ್ನೆರಡೇ ಹಾಳೆ ಎಂದುಕೊಂಡಳು ಓದಕ್ಕ.

ಆರನೆಯ ಹಾಳೆಯಲ್ಲಿ ಕಥೆ ಹಿಂದಕ್ಕೆ ಹೋಗಿ, ಹಡಗಿನ ಬೆಂಕಿ ನೋಡಿಕೊಳ್ಳುವವನು ಸತ್ತ ದಿನವನ್ನು ಹೇಳತೊಡಗಿತು. ಬೆದರಿಸುವ ಒಂದು ಪದವೂ ಇಲ್ಲದ, ಸಾದಾ ಸೀದಾ ವಾಕ್ಯವೊಂದು ಬಂತು. ಕಣ್ಣು ತಡೆಯಲಿಲ್ಲ, ಬಾಯಿಯೂ ತಡೆಯಲಿಲ್ಲ.

‘ಕಪ್ತಾನ ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ, ತನ್ನ ಕೈಯಾರೆ ಎರಡು ಮಡಿಕೆ ಮಾಡಿ, ಅವನ ಬೆನ್ನಿಗೆ ಹಾಸಿ, ಹೋಗು, ನಾನಿಲ್ಲೇ ನಿಂತಿರುತ್ತೇನೆ ಎಂದ.’

ವಾಕ್ಯ ಮುಗಿದ ಮೇಲೆ ಅದರ ಅರ್ಥ ಅವಳನ್ನು ಮುಟ್ಟಿತು. ಚೀಲ ಕಂಡವರು ಗೆರೆ ಕೋಣೆಯವರು ಮಾತ್ರ. ಊರಲ್ಲಿಲ್ಲದ ಯಜಮಾನರು, ಹೆಣ ಆಸ್ಪತ್ರೆ ಸೇರಿದ ಮೇಲೆ ಬಂದಿಳಿದ ಯಜಮಾನರು, ಆ ಚೀಲವನ್ನು ಎಲ್ಲಿ ಕಂಡರು? ತೊಟ್ಟಿಯಲ್ಲಿ ಅದ್ದಿದ್ದನ್ನು, ಕೈಯಾರೆ ಹಾಸಿದ್ದನ್ನು, ಆಡಿದ ಮಾತನ್ನು ಯಾರು ಹೇಳಿದರು? ಬೇರೆಯವರ ಗುಟ್ಟು ಹಿಡಿಯಲು ಬಲೆ ನೇಯುತ್ತ ಕೂತವರು, ಕಥೆಗೆ ಒಳ್ಳೆಯ ಎಳೆ ಬೇಕೆಂದು ತಮ್ಮದೇ ಎಳೆ ಕಿತ್ತು ಸೇರಿಸಿದ್ದರು.

ಅವಳು ತಲೆಯೆತ್ತಿದಳು. ಹದಿನಾರು ಚಕ್ರಗಳು ನಿಂತಿದ್ದವು. ಹದಿನಾರು ಮುಖಗಳು ಅವಳನ್ನೇ ನೋಡುತ್ತಿದ್ದವು. ಮೊದಲನೆಯ ಚಕ್ರದ ತಾತ, ನಲವತ್ತು ವರ್ಷದಲ್ಲಿ ಒಂದೇ ಒಂದು ಬಟ್ಟಲು ಕೆಡಿಸದವನು, ತನ್ನ ಮುಂದಿನ ಸೊಟ್ಟ ಗೆರೆಯನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು ಕೂತಿದ್ದ.

ಉಳಿದದ್ದನ್ನು ಹೇಗೆ ಓದಿದಳೋ ಅವಳಿಗೇ ಗೊತ್ತಿಲ್ಲ. ಕಥೆ ಮುಗಿದಾಗ ಯಜಮಾನರು ಕಣ್ಣು ತೆರೆದು, ಬಟ್ಟಲುಗಳನ್ನು ತರುವಂತೆ ಕೈ ಮಾಡಿದರು. ತಾತ ಹಲಗೆಯ ಮೇಲೆ ಎಲ್ಲವನ್ನೂ ಎಳೆದ ಕ್ರಮದಲ್ಲೇ ಸಾಲಾಗಿ ಜೋಡಿಸುತ್ತ, ಸ್ಟೂಲಿನ ಬಳಿ ಬಂದಾಗ ತುಟಿ ಅಲುಗಿಸದೆ ಅಂದ: “ಆ ಹಾಳೆ ವಾಪಸ್ ಕೊಡ್ಬೇಡ ಕಣಮ್ಮ.”

ಗಾಜಿನ ಕೋಣೆಯಲ್ಲಿ ಯಜಮಾನರು ಬಟ್ಟಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಮೊದಲ ಸಾಲುಗಳೆಲ್ಲ ನೆಟ್ಟಗಿದ್ದವು. ಕೊನೆಯ ಸಾಲಿನದು ಒಂದು ಸೊಟ್ಟ, ಎರಡು ಸೊಟ್ಟ. ಒಂಬತ್ತನೆಯದನ್ನು ಅವರು ಹೆಚ್ಚು ಹೊತ್ತು ಹಿಡಿದಿದ್ದರು. ಓದಕ್ಕ ಹಾಳೆಗಳನ್ನು ಹಿಡಿದುಕೊಂಡೇ ಅವರ ಮೇಜಿನ ಮುಂದೆ ಬಂದು ನಿಂತಿದ್ದಳು. ಆಮೇಲೆ ಹತ್ತು, ಹನ್ನೊಂದು, ಕೊನೆಗೆ ಹದಿನಾರು. ಎಲ್ಲವೂ ಸೊಟ್ಟ.

“ಎಲ್ರದ್ದೂ,” ಅಂದರು. ಹುಬ್ಬು ಗಂಟಾಗಿತ್ತು. “ಒಂದೇ ಜಾಗದಲ್ಲಿ. ಅದು ಯಾವ ಮಾತಿಗೆ?”

ಅವಳು ಅಲ್ಲಿ ನಿಂತು, ಆ ಮಾತು ಹೇಳಿದರೆ ಏನಾಗುತ್ತದೆಂದು ಕಣ್ಣಿಗೆ ಕಟ್ಟಿದ ಹಾಗೆ ಕಂಡಳು. ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಟ್ಟದ್ದು ಇವರಿಗೆ ತಿಳಿದ ಗಳಿಗೆಯಲ್ಲಿ ಹಾಳೆಗಳು ಬೂದಿಯಾಗುತ್ತವೆ. ಆಮೇಲೆ ಹದಿನಾರು ಮನೆಗಳಿಗೂ ಇಬ್ಬಿಬ್ಬರು ಗಂಡಸರು ಬಂದು ಕೂರುತ್ತಾರೆ. ಭಯ ಅವಳನ್ನು ಎಷ್ಟೋ ಸಲ ಮೂಕಿ ಮಾಡಿತ್ತು, ಇವತ್ತು ಅದೇ ಭಯ ಅವಳಿಗೆ ಮಾತು ಕೊಟ್ಟಿತು.

“ಅವನು ಬೆಂಕಿಯ ಕೋಣೆಗೆ ಹೋಗೋ ಜಾಗ ಸರ್. ಎಲ್ರಿಗೂ ಅಳು ಬಂತು.”

“ಅಳು?”

“ನಾನು ಎಷ್ಟೋ ಕಥೆ ಓದಿದೀನಿ. ಈ ಕೋಣೇಲಿ ಹೀಗೆ ಯಾವತ್ತೂ ಆಗಿಲ್ಲ. ತಾತನ ಕೈ ಕೂಡ ನಡುಗಿಹೋಯ್ತು ಸರ್.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಕಾಗದದ ಜಾಗದಲ್ಲಿ?”

“ಅಲ್ಲಿ ಯಾರ ಕೈಯೂ ಅಲುಗಲಿಲ್ಲ. ನೀವೇ ನೋಡಿದ್ರಲ್ಲ, ಬಟ್ಟಲಲ್ಲಿ ಏನೂ ಇಲ್ಲ.”

ಬೇಟೆ ತಪ್ಪಿದ ಸಿಟ್ಟೂ, ಕಥೆ ಮುಟ್ಟಿದ ಸಂತೋಷವೂ ಒಟ್ಟಿಗೇ ಅವರ ಮುಖಕ್ಕೆ ಬಂದವು. ಎರಡರಲ್ಲಿ ಯಾವುದು ನಿಲ್ಲುತ್ತದೋ ಎಂದು ಅವಳು ಕಾದು ನೋಡಿದಳು. ಸಂತೋಷ ನಿಂತಿತು. “ಬರೆಯುವಾಗ ನನಗೂ ಅಳು ಬಂದಿತ್ತು,” ಅಂದರು ಯಜಮಾನರು. ಹಾಗೆಂದು ಹಾಳೆಗಳಿಗಾಗಿ ಕೈ ಚಾಚಿದರು.

ಅವಳು ಕೊಡಲೇಬೇಕಾಯಿತು. ಕೊಡುತ್ತಲೇ, “ಇನ್ನೊಂದ್ಸಲ ಓದಿ ಅಂತಾರೆ ಸರ್ ಅವರೆಲ್ಲ. ಪುಸ್ತಕಗಳ ಜತೆ ಇಟ್ಕೊಳ್ಳೋಣ ಅಂತಿದ್ದೆ. ಆದ್ರೆ ಇದರಲ್ಲಿ ಬರೆದವರ ಹೆಸರೇ ಇಲ್ಲ,” ಅಂದಳು.

ಯಜಮಾನರು ಜೇಬಿನಿಂದ ಪೆನ್ನು ತೆಗೆದರು. ಹೆಸರು ಹಾಕುವ ಮುಂಚೆ ಒಂದೊಂದೇ ಹಾಳೆ ತಿರುವಿ ಓದತೊಡಗಿದರು. ಆರನೆಯ ಹಾಳೆಯ ನಡುವೆ ಅವರ ಕಣ್ಣು ನಿಂತಿತು. ಪೆನ್ನು ಗೋಣಿಚೀಲದ ಸಾಲಿನ ಮೇಲೆ ಬಂದು ನಿಂತಿತು. ಗೊತ್ತಾಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಓದಕ್ಕ. ಗಾಜಿನ ಆಚೆ ತಂಗಿ ಬಟ್ಟಲು ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದಳು. ಓಡು ಎಂದು ಕೂಗಬೇಕೆನಿಸಿತು.

ಯಜಮಾನರ ಕಣ್ಣು ಹಾಳೆಯ ಮೇಲಿದ್ದರೂ ಅವರು ನೋಡುತ್ತಿದ್ದುದು ಹಾಳೆಯನ್ನಲ್ಲ. ಎಡಗೈ ಮೇಜಿನ ಮೇಲೆ ತಾನಾಗಿಯೇ ಏನನ್ನೋ ಮಡಿಸಿತು, ಒಂದು ಸಲ, ಇನ್ನೊಂದು ಸಲ, ಮತ್ತೂ ಒಂದು ಸಲ. ಆಮೇಲೆ ‘ಎರಡು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಮೂರು’ ಎಂದು ಬರೆದರು. “ಸಣ್ಣ ಸಣ್ಣದೆಲ್ಲ ಸರಿ ಇರಬೇಕು,” ಅಂದರು. ಕೊನೆಯ ಹಾಳೆಯ ಕೆಳಗೆ ಸಹಿ ಹಾಕಿ, ದಿನಾಂಕ ಬರೆದು, ಹಾಳೆಗಳನ್ನು ಅವಳ ಕೈಗೆ ಕೊಟ್ಟರು.

ಊಟದ ಬಿಡುವಿಗೆ ಅಕ್ಕ ತಂಗಿ ಹಿಂದಿನ ಗೇಟಿನಿಂದ ಹೊರಬಿದ್ದರು. ಹಾಳೆಗಳು ಓದಕ್ಕನ ಊಟದ ಚೀಲದಲ್ಲಿದ್ದವು. ಕಾರ್ಮಿಕರ ಕಚೇರಿ ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹಿಂದೆ ಯಾರೋ ಬರುತ್ತಿದ್ದಾರೆಂದು ಓದಕ್ಕ ನಾಲ್ಕು ಸಲ ತಿರುಗಿ ನೋಡಿದಳು. ನಾಲ್ಕು ಸಲವೂ ಯಾರ‍್ಯಾರೋ ತಮ್ಮ ಪಾಡಿಗೆ ತಾವು ಬರುತ್ತಿದ್ದರು. ಹಾಳೆ ಕೊಟ್ಟು, ನಾಲ್ಕು ಮಾತು ಹೇಳಿ, ಬಿಡುವು ಮುಗಿಯುವ ಮುಂಚೆ ವಾಪಸ್ ಬಂದು ಸ್ಟೂಲ್ ಹತ್ತಿಬಿಡಬೇಕು, ತಂಗಿಯ ಸುದ್ದಿಯೇ ಎಲ್ಲೂ ಬರಬಾರದು ಎಂದು ಲೆಕ್ಕ ಹಾಕಿಕೊಂಡಿದ್ದಳು.

ಕಿಟಕಿಯ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವಳು ಏಳು ಹಾಳೆಯನ್ನೂ ಓದಿದಳು. ಓದಕ್ಕ ಚೀಲದ ಸಂಗತಿ, ಊರಲ್ಲಿಲ್ಲ ಎಂದ ಸಂಗತಿ, ಕೈಯಾರೆ ತಿದ್ದಿದ ಸಂಗತಿ ಎಲ್ಲ ಹೇಳಿದಳು. ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಅಮ್ಮಾ, ನಾನು ನಂಬ್ತೀನಿ. ಆದ್ರೆ ಇದು ಕಥೆ. ನಾನು ಕಲ್ಪನೆ ಮಾಡಿ ಬರೆದೆ ಅಂತಾರೆ ಅವರು. ಕಥೆ ಜತೆಗೆ ಕಣ್ಣಲ್ಲಿ ನೋಡಿದವರು ಒಬ್ಬರು ಬೇಕು. ಅವರನ್ನ ಆ ದಿನ ಅಲ್ಲಿ ಕಂಡವರು ಯಾರಾದ್ರೂ ಇದ್ದಾರಾ?”

“ಇಲ್ಲ,” ಅಂದಳು ಓದಕ್ಕ.

ಯೋಚಿಸಿ ಹೇಳಿದ್ದಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಬಾಯಿಂದ ಬಿದ್ದಿತ್ತು. ಪಕ್ಕದಲ್ಲಿ ನಿಂತ ತಂಗಿ ತಿರುಗಿ ಅವಳ ಮುಖ ನೋಡಿದಳು. ಆ ನೋಟವನ್ನು ತಡೆಯಲಾಗದೆ ಓದಕ್ಕ ಕಿಟಕಿಯ ಸರಳುಗಳನ್ನು ಎಣಿಸತೊಡಗಿದಳು.

“ಇದ್ದಾರೆ. ನಾನು ನೋಡಿದೀನಿ,” ಅಂದಳು ತಂಗಿ. “ಆ ಕಾಗದ ಬರೆದಿದ್ದೂ ನಾನೇ. ಹೆಸರು ಬರ‍್ಕೊಳ್ಳಿ.”

ಹೆಂಗಸು ಕೇಳಿದಳು, ತಂಗಿ ಹೇಳಿದಳು. ಎಲ್ಲಿ ನಿಂತಿದ್ದೆ, ಎಷ್ಟು ದೂರ, ಎಷ್ಟು ಹೊತ್ತಾಗಿತ್ತು. ತೊಟ್ಟಿ, ಚೀಲ, ಮೂರು ಮಡಿಕೆ. ಹೆಂಗಸು ಆರನೆಯ ಹಾಳೆಯನ್ನು ಎತ್ತಿ ಅದನ್ನೂ ತಂಗಿಯ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮತ್ತೆ ಬರೆದುಕೊಂಡಳು. ಕೊನೆಗೆ ತಂಗಿ ಸಹಿ ಹಾಕಿದಳು. ಓದಕ್ಕ ಬೆಂಚಿನ ಮೇಲೆ ಕೂತು, ಊಟದ ಚೀಲವನ್ನು ಅವುಚಿ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡಳು.

ಇಬ್ಬರೂ ಮೆಟ್ಟಿಲು ಇಳಿದರು. ಕೆಳಗೆ ಔಷಧಿ ಅಂಗಡಿಯ ಮುಂದೆ ಬಂದ ಮೇಲೆ ಓದಕ್ಕನಿಗೆ ತಡೆಯಲಾಗಲಿಲ್ಲ.

“ನಿನ್ನ ಒಳ್ಳೇದಕ್ಕೇ ಹಾಗಂದೆ ಕಣೆ. ನಿಂಗೆ ಏನಾದ್ರೂ ಆದ್ರೆ ನಾನು ಯಾರಿಗಾಗಿ ಬದುಕ್ಲಿ?”

“ಗೊತ್ತಕ್ಕ,” ಅಂದಳು ತಂಗಿ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. “ಎರಡು ತಿಂಗಳಿಂದ ಯಜಮಾನರಿಗೆ ಹೆದರಿ ಸತ್ತಿದೀನಿ. ಆದ್ರೆ ನೀನು ಇಲ್ಲ ಅಂದ್ಯಲ್ಲ, ಆಗ ಆದಷ್ಟು ಭಯ ನಂಗೆ ಯಾವತ್ತೂ ಆಗಿರಲಿಲ್ಲ. ನಾನು ಆ ಅಂಗಳದಲ್ಲಿ ಇರಲೇ ಇಲ್ವೇನೋ ಅನ್ಸಿಬಿಡ್ತು.”

ಓದಕ್ಕನಿಗೆ ಈ ಹೊತ್ತಿಗೆ ಯಾವ ಪುಸ್ತಕದ ಮಾತೂ ನೆನಪಿಗೆ ಬರಲಿಲ್ಲ, ತನ್ನದೆಂಬುದು ಒಂದು ಮಾತೂ ಇರಲಿಲ್ಲ. ನಾಳೆಯಿಂದ ಸ್ಟೂಲ್ ಇರುವುದಿಲ್ಲ, ಚಕ್ರ ಇರುವುದಿಲ್ಲ, ಮನೆಯ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೋ ಗೊತ್ತಿಲ್ಲ. ಅವಳು ಊಟದ ಚೀಲವನ್ನು ತಂಗಿಯ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿದಳು.

ಹೆಂಗಸು ಊಟಕ್ಕೆಂದು ಕಿಟಕಿ ಮುಚ್ಚುತ್ತಿದ್ದಳು. “ಏನಮ್ಮ, ಏನಾದ್ರೂ ಮರೆತ್ರಾ?”

“ನಾನು ಆಗ್ಲೇ ಇಲ್ಲ ಅಂದೆನಲ್ಲ,” ಅಂದಳು ಓದ‍ಕ್ಕ, “ಅದು ಸುಳ್ಳು. ನಮ್ಮ ತಂಗಿ ಅದನ್ನ ಆವತ್ತೇ ನಂಗೆ ಹೇಳಿದ್ಲು. ಹೆಸರಿಲ್ಲದೆ ಬರಿ ಅಂತ ಬಾಯಿ ಮುಚ್ಚಿಸಿದ್ದು ನಾನು. ಇವತ್ತು ಆ ಕಥೆ ಓದಿದ್ದೂ ನಾನೇ, ಅವರು ಸಹಿ ಹಾಕಿದ್ದು ನನ್ನ ಕಣ್ಣೆದುರಿಗೆ. ನನ್ನ ಹೆಸರೂ ಬರ‍್ಕೊಳ್ಳಿ.”